ಅರ್ಥವಾಗದೆ ಬರೆದ ಉತ್ತರ

ಜನವರಿ ತಿಂಗಳು ಬಂತೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳಲ್ಲಿ ಎರಡೇ ವಿಷಯದ ಮಾತು. ಒಂದು ಅಡಿಕೆ ಕೊಯ್ಲು, ಇನ್ನೊಂದು ಹತ್ತನೇ ತರಗತಿಯ ಪರೀಕ್ಷೆ. ಅಡಿಕೆಯ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಪರೀಕ್ಷೆಯ ವಿಷಯದಲ್ಲಿ, ಅದರಲ್ಲೂ ಗಣಿತದ ವಿಷಯದಲ್ಲಿ, ಒಬ್ಬಳು ಹುಡುಗಿ ನನ್ನಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಆ ದಿನ ನಾನು ಅವಳಿಗೆ ಕೊಟ್ಟ ಉತ್ತರ ಸರಿಯಾಗಿರಲಿಲ್ಲ.

ಅದು 2025ರ ಜನವರಿ. ಆಗ ನಾನು ಕಡಬದ ಒಳಭಾಗದ ಒಂದು ಧರ್ಮಕೇಂದ್ರದಲ್ಲಿದ್ದೆ. ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಚರ್ಚಿನ ಸಭಾಂಗಣದಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವ ಏರ್ಪಾಡು ಮಾಡಿದ್ದೆವು. ಹನ್ನೊಂದು ಮಕ್ಕಳು. ನಮ್ಮವರು ಏಳು, ನೆರೆಯ ಹಿಂದೂ, ಮುಸ್ಲಿಂ ಮನೆಗಳಿಂದ ಬಂದವರು ನಾಲ್ಕು. ನಿವೃತ್ತ ಶಿಕ್ಷಕರೊಬ್ಬರು ವಾರಕ್ಕೆ ಮೂರು ದಿನ ಬರುತ್ತಿದ್ದರು. ಉಳಿದ ದಿನ ನಾನು. ಗಣಿತದಲ್ಲಿ ನಾನೇನೂ ಪಂಡಿತನಲ್ಲ. ನಾನು ಎಸ್ಸೆಸ್ಸೆಲ್ಸಿ ಬರೆದಾಗ ನನಗೆ ಬಂದದ್ದು 100ಕ್ಕೆ 41. ಆ 41ರ ವಿಷಯ ಮುಂದೆ ಹೇಳಲಿಕ್ಕಿದೆ.

ನಾವು ಮಾಡುತ್ತಿದ್ದ ಕೆಲಸ ಏನೆಂದು ನಿಮಗೆ ತಿಳಿದಿರಬಹುದು. ಲಿಖಿತ ಪರೀಕ್ಷೆಗೆ 80 ಅಂಕ, ಶಾಲೆಯಲ್ಲಿ ಕೊಡುವ ಆಂತರಿಕ ಅಂಕ 20. ಹಿಂದುಳಿದ ಮಕ್ಕಳಿಗೆ ಕಲಿಸುವವರೆಲ್ಲರೂ ಆಗ ಗುರಿ ಇಟ್ಟುಕೊಳ್ಳುತ್ತಿದ್ದದ್ದು 80ಕ್ಕೆ 28ರ ಮೇಲೆ. ಆ 28ನ್ನು ಎಲ್ಲಿಂದ ಹೆಕ್ಕುವುದು ಎಂಬುದಕ್ಕೆ ಒಂದು ಪಟ್ಟಿ ಇರುತ್ತದೆ. ಎಲ್ಲರೂ ಅದನ್ನು 'ಪಾಸಿಂಗ್ ಪ್ಯಾಕೇಜ್' ಎನ್ನುತ್ತಾರೆ. ಎರಡು ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸನ ಪ್ರಮೇಯ, ಸ್ಪರ್ಶಕಗಳ ಪ್ರಮೇಯ, ಸಮಾಂತರ ಶ್ರೇಢಿಯ ಮೊತ್ತದ ಸೂತ್ರ, ವರ್ಗ ಸಮೀಕರಣದ ಸೂತ್ರ, ಸರಾಸರಿ ಮತ್ತು ಮಧ್ಯಾಂಕದ ಕೋಷ್ಟಕ, ಎರಡರ ವರ್ಗಮೂಲ ಅಭಾಗಲಬ್ಧ ಎಂಬ ಸಾಧನೆ. ಇಷ್ಟನ್ನು ಬಾಯಿಪಾಠ ಮಾಡಿಸಿ, ಹತ್ತು ಸಲ ಬರೆಸಿದರೆ, ಅರ್ಥವಾದರೂ ಆಗದಿದ್ದರೂ ಮಗು ದಾಟುತ್ತದೆ.

ಆ ಹುಡುಗಿಯ ತಂದೆ ರಬ್ಬರ್ ಟ್ಯಾಪಿಂಗ್ ಮಾಡುವವರು. ಶಾಲೆಗೆ ಹೋಗುವ ಮೊದಲು ಅವಳು ತಾಯಿಯ ಜೊತೆ ಗೆರಟೆಗಳಿಂದ ಹಾಲು ಸಂಗ್ರಹಿಸಿ ಬರುತ್ತಿದ್ದಳು. ಸಂಜೆ ಅವಳಿಗೆ ಕಣ್ಣು ಎಳೆಯುತ್ತಿತ್ತು. ಆದರೂ ಸ್ಪರ್ಶಕಗಳ ಪ್ರಮೇಯವನ್ನು ಅವಳಷ್ಟು ಚೊಕ್ಕವಾಗಿ ಬರೆಯುವವರು ಬೇರೆ ಯಾರೂ ಇರಲಿಲ್ಲ: ವೃತ್ತದ ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳ ಉದ್ದ ಸಮ. ದತ್ತ, ಸಾಧನೀಯ, ರಚನೆ, ಸಾಧನೆ, ಎಲ್ಲವೂ ಪುಸ್ತಕದಲ್ಲಿದ್ದ ಹಾಗೆ. ಒಂದು ದಿನ ನಾನು ತಮಾಷೆಗೆಂದು ಹೊರಗಿನ ಬಿಂದುವಿಗೆ 'ಪಿ' ಎಂಬುದರ ಬದಲು 'ಎಂ' ಎಂದು ಹೆಸರಿಟ್ಟು ಬರೆಯಲು ಹೇಳಿದೆ. ಅವಳ ಪೆನ್ನು ನಿಂತಿತು. ಅಕ್ಷರ ಬದಲಾದ ಕೂಡಲೇ ಎಲ್ಲವೂ ಹೋಯಿತು. ಸ್ವಲ್ಪ ಹೊತ್ತು ಕಾಗದ ನೋಡುತ್ತಾ ಕೂತವಳು ಕೇಳಿದಳು:

"ಫಾದರ್, ನಾನು ಬರೆಯುವುದು ಏನಂತ ನನಗೇ ಗೊತ್ತಿಲ್ಲ. ಗೊತ್ತಿದ್ದವಳ ಹಾಗೆ ಬರೆಯುತ್ತೇನೆ. ಅದಕ್ಕೆ ಮಾರ್ಕು ತಗೊಂಡರೆ ಸುಳ್ಳು ಹೇಳಿದ ಹಾಗೆ ಅಲ್ವಾ?"

ನಾನು ಗಡಿಯಾರ ನೋಡಿದೆ. "ಮೊದಲು ಪಾಸಾಗು ಮಗೂ, ಮತ್ತೆ ನೋಡೋಣ" ಎಂದೆ. ಅವಳು ತಲೆಯಾಡಿಸಿ ಮತ್ತೆ 'ಪಿ' ಎಂದೇ ಬರೆಯತೊಡಗಿದಳು.

ರಾತ್ರಿ ಊಟಕ್ಕೆ ಕುಳಿತಾಗ ನನಗೆ ಆ ಪ್ರಶ್ನೆ ನುಂಗಲಾಗಲಿಲ್ಲ. ಹದಿನೈದು ವರ್ಷದ ಮಗು ಕೇಳಿದ್ದು ಸಂತ ಅಗಸ್ಟೀನರು ಒಂದು ಇಡೀ ಗ್ರಂಥ ಬರೆದ ವಿಷಯ. ಸುಳ್ಳೆಂದರೆ ಏನು? ಮನಸ್ಸಿನಲ್ಲಿ ಒಂದಿಟ್ಟುಕೊಂಡು ಮೋಸಗೊಳಿಸುವ ಉದ್ದೇಶದಿಂದ ಬೇರೊಂದನ್ನು ಹೇಳುವುದು. ಸಂತ ತೋಮಸ್ ಅಕ್ವಿನರೂ ತಮ್ಮ ಮನಸ್ಸಿಗೆ ವಿರುದ್ಧವಾದ ಮಾತನ್ನು ಸುಳ್ಳೆನ್ನುತ್ತಾರೆ. ಹಾಗಾದರೆ ಉತ್ತರ ಪತ್ರಿಕೆಯಲ್ಲಿ ಬರೆಯುವಾಗ ಮಗು ಯಾರಿಗೆ ಏನು ಹೇಳುತ್ತಿದೆ? "ಇದು ನನಗೆ ಅರ್ಥವಾಗಿದೆ" ಎಂದು ಹೇಳುತ್ತಿದೆಯೇ, ಅಥವಾ "ಇದನ್ನು ಯಾರ ಸಹಾಯವೂ ಇಲ್ಲದೆ ನಾನು ಬರೆದಿದ್ದೇನೆ" ಎಂದು ಮಾತ್ರವೇ?

ನನ್ನ ಅಭಿಪ್ರಾಯದಲ್ಲಿ ಎರಡನೆಯದು. ಮೌಲ್ಯಮಾಪಕರಿಗೂ ಇದು ಗೊತ್ತು. ಪ್ರಮೇಯವನ್ನು ಬಾಯಿಪಾಠ ಮಾಡಿ ಬರೆಯುವ ಮಕ್ಕಳಿದ್ದಾರೆಂದು ಪ್ರಶ್ನೆಪತ್ರಿಕೆ ತಯಾರಿಸುವವರಿಗೂ ಗೊತ್ತು. ಯಾರನ್ನೂ ವಂಚಿಸದ ಕಡೆ ಸುಳ್ಳಿಲ್ಲ. ಅರ್ಥವಾಗುವ ಮೊದಲೇ ಬಾಯಿಗೆ ಬರುವುದು ಕಲಿಕೆಯಲ್ಲಿ ಹೊಸದೂ ಅಲ್ಲ. ಮಗ್ಗಿಯನ್ನು ಯಾರು ಅರ್ಥ ಮಾಡಿಕೊಂಡು ಕಲಿತರು? ಮೂರು ವರ್ಷದ ಮಗು ಪರಲೋಕ ಮಂತ್ರ ಹೇಳುವಾಗ ಸಾಲ ಮನ್ನಾ ಮಾಡುವುದೆಂದರೇನು, ಶೋಧನೆ ಎಂದರೇನು ಎಂದು ತಿಳಿದು ಹೇಳುತ್ತದೆಯೇ?

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನನ್ನ 41 ಅಂಕಗಳಲ್ಲಿ ಮೂವತ್ತರಷ್ಟು ಬಾಯಿಪಾಠದ ಅಂಕಗಳೇ. ಅವುಗಳ ಬಗ್ಗೆ ನನಗೆ ಯಾವತ್ತೂ ನಾಚಿಕೆ ಅನಿಸಿಲ್ಲ. ಆದರೆ ಆ 41ರಲ್ಲಿ ನಾಲ್ಕು ಅಂಕ ನನ್ನದಲ್ಲ. ಮುಂದಿನ ಬೆಂಚಿನ ಹುಡುಗ ಕಾಗದ ಸರಿಸಿ ಇಟ್ಟಿದ್ದ; ನಾನು ನೋಡಿ ಬರೆದೆ. ನಾಲ್ಕು ಕಳೆದರೂ 37, ಪಾಸೇ. ಬೇಕಾಗಿಯೂ ಇರಲಿಲ್ಲ. ಪಾಪನಿವೇದನೆ ಮಾಡಿ ಮೂರು ದಶಕದ ಹತ್ತಿರವಾಯಿತು, ಕ್ಷಮೆ ಸಿಕ್ಕಿದೆ ಎಂಬ ವಿಶ್ವಾಸವೂ ಇದೆ. ಆದರೂ ಆ ಲೆಕ್ಕ, ಆ ಹುಡುಗನ ಓರೆ ಅಕ್ಷರ ಇಂದಿಗೂ ಕಣ್ಣ ಮುಂದೆ ಬರುತ್ತದೆ. ಬಾಯಿಪಾಠಕ್ಕೂ ಕಾಪಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಹಾಗೆ.

ನಮ್ಮ ರಾಜ್ಯಕ್ಕೆ ಅದು ಗೊತ್ತಾದದ್ದು 2024ರಲ್ಲಿ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂತು, ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ! ನಮ್ಮ ದಕ್ಷಿಣ ಕನ್ನಡ ಆ ವರ್ಷ ಶೇ. 92.12 ಪಡೆದು ಉಡುಪಿಯ ನಂತರ ಎರಡನೆಯದಾಯಿತು, 2025ರಲ್ಲಿ ಶೇ. 91.12ರೊಂದಿಗೆ ಮೊದಲನೆಯದು. ನಾವು ಹಿಗ್ಗಿದೆವು, ಹಿಗ್ಗಬೇಕಾದದ್ದೇ. ಆದರೆ ಹಿಗ್ಗುವಾಗ ಒಂದು ಮಾತು ಮರೆಯುತ್ತೇವೆ. ಮೊದಲ ಸ್ಥಾನದ ಜಿಲ್ಲೆಯಲ್ಲಿ ಫೇಲಾದ ಮಗುವಿಗೆ ಕೊನೆಯ ಸ್ಥಾನದ ಜಿಲ್ಲೆಯಲ್ಲಿ ಫೇಲಾದ ಮಗುವಿಗಿಂತ ಮುಖ ಮುಚ್ಚಿಕೊಳ್ಳಲು ಕಡಿಮೆ ಜಾಗವಿರುತ್ತದೆ.

ಸರಿ, ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ಮಾಡಿದ್ದು ಸುಳ್ಳಲ್ಲ. ಹಾಗಾದರೆ ಅಲ್ಲಿಗೆ ಮುಗಿಯಿತೇ? ಅಲ್ಲಿಗೆ ಮುಗಿಯಿತೆಂದು ನಾನು ತಿಳಿದುಕೊಂಡದ್ದೇ ನನ್ನ ತಪ್ಪು.

ಸೆಮಿನರಿಯಲ್ಲಿ ಓದಿದ ಪ್ಲೇಟೋನ 'ಮೆನೋ' ಎಂಬ ಸಂವಾದ ನೆನಪಾಯಿತು. ಸಾಕ್ರೆಟೀಸ್ ಮೆನೋನ ಮನೆಯ ಒಬ್ಬ ಗುಲಾಮ ಹುಡುಗನನ್ನು ಕರೆಯುತ್ತಾನೆ. ಲೆಕ್ಕ ಕಲಿಯದ ಹುಡುಗ. ನೆಲದಲ್ಲಿ ಎರಡಡಿ ಉದ್ದದ ಒಂದು ಚೌಕ ಬರೆದು, ಇದರ ಎರಡರಷ್ಟು ದೊಡ್ಡ ಚೌಕಕ್ಕೆ ಬದಿ ಎಷ್ಟಿರಬೇಕು ಎಂದು ಕೇಳುತ್ತಾನೆ. ಹುಡುಗ ಧೈರ್ಯದಿಂದ "ನಾಲ್ಕಡಿ" ಎನ್ನುತ್ತಾನೆ. ಬರೆದು ನೋಡಿದರೆ ಚೌಕ ನಾಲ್ಕರಷ್ಟಾಗುತ್ತದೆ. "ಮೂರಡಿ" ಎನ್ನುತ್ತಾನೆ. ಎಂಟು ಬರಬೇಕಾದಲ್ಲಿ ಒಂಬತ್ತು ಬರುತ್ತದೆ. ಕೊನೆಗೆ, ನನಗೆ ಗೊತ್ತಿಲ್ಲ ಎನ್ನುತ್ತಾನೆ. ಆಗ ಸಾಕ್ರೆಟೀಸ್ ಮೆನೋನ ಕಡೆ ತಿರುಗಿ, ಈ ಹುಡುಗ ಮೊದಲಿಗಿಂತ ಈಗ ಉತ್ತಮ ಸ್ಥಿತಿಯಲ್ಲಿದ್ದಾನೆ ಎಂಬರ್ಥದ ಮಾತು ಹೇಳುತ್ತಾನೆ. ಮೊದಲು ಗೊತ್ತಿಲ್ಲದೆ ಗೊತ್ತಿದೆ ಎಂದುಕೊಂಡಿದ್ದ. ಈಗ ಗೊತ್ತಿಲ್ಲವೆಂದು ಗೊತ್ತಾಗಿದೆ. ಮತ್ತೆ ಪ್ರಶ್ನೆ ಕೇಳುತ್ತಾ ಹೋದಾಗ, ಮೊದಲ ಚೌಕದ ಕರ್ಣವೇ ಬೇಕಾದ ಬದಿ ಎಂದು ಹುಡುಗ ತಾನೇ ಕಂಡುಕೊಳ್ಳುತ್ತಾನೆ. ಆ ಕರ್ಣ ಮತ್ತು ಬದಿಯ ನಡುವೆ ಇರುವುದೇ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಎರಡರ ವರ್ಗಮೂಲ.

ಅದೇ ಸಂವಾದದ ಕೊನೆಯ ಕಡೆ ಇನ್ನೊಂದು ಮಾತಿದೆ. ಕಾರಣ ತಿಳಿಯದ ಸರಿಯುತ್ತರ ಓಡಿಹೋಗುವ ಗೊಂಬೆಯ ಹಾಗೆ, ಕಟ್ಟಿಹಾಕದಿದ್ದರೆ ನಿಲ್ಲುವುದಿಲ್ಲ. ಕಟ್ಟುವ ಹಗ್ಗವೇ ಕಾರಣ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹಟ್ಟಿಗೆ ಬಂದ ದನವನ್ನು ಕಟ್ಟದೆ ಬಿಟ್ಟ ಹಾಗೆ. ಮಾರ್ಚಿನಲ್ಲಿ ಇರುತ್ತದೆ, ಜೂನ್‌ನಲ್ಲಿ ನೋಡಿದರೆ ಇಲ್ಲ.

ನನ್ನ ಸಭಾಂಗಣದಲ್ಲಿ ಆ ಸಂಜೆ ನಡೆದದ್ದು ಇದೇ ಅಲ್ಲವೇ? "ನನಗೆ ಗೊತ್ತಿಲ್ಲ" ಎಂದು ಒಂದು ಮಗು ತಾನಾಗಿಯೇ ಹೇಳಿತು. ಕಲಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ನಾನು ಗಡಿಯಾರ ನೋಡಿದೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಆ ಹುಡುಗಿಯ ಮನೆಮಾತು ಮಲಯಾಳ. ನಮ್ಮ ಈ ಮೂರು ತಾಲೂಕುಗಳಲ್ಲಿ ಒಂದು ತರಗತಿಯ ಮಕ್ಕಳ ಮನೆಮಾತು ಎಷ್ಟೆಂದು ಎಣಿಸಿ ನೋಡಿ: ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಅರೆಭಾಷೆ, ಮರಾಠಿ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಸಿಲೋನಿನಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ತಮಿಳು. ನಾನು ಹಿಂದೆ ಸುಳ್ಯದ ಕಡೆ ಇದ್ದಾಗ ಅಂತಹ ಮನೆಯ ಹುಡುಗನೊಬ್ಬ 'ಉನ್ನತ ಕೋನ', 'ಅವನತ ಕೋನ' ಎಂಬ ಎರಡು ಪದಗಳನ್ನು ಯಾವತ್ತೂ ಅದಲುಬದಲು ಮಾಡುತ್ತಿದ್ದ. ಎಲ್ಲರೂ ಅವನಿಗೆ ಲೆಕ್ಕ ತಲೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದರು. "ಕೆಳಗಿನಿಂದ ಮೇಲೆ ನೋಡುವುದು, ಮೇಲಿನಿಂದ ಕೆಳಗೆ ನೋಡುವುದು" ಎಂದು ಅವನ ಭಾಷೆಯಲ್ಲಿ ಒಬ್ಬರು ಹೇಳಿದ ಮೇಲೆ ಆ ಪಾಠದಲ್ಲಿ ಅವನಿಗೆ ತಪ್ಪು ಬರಲಿಲ್ಲ. ಅವನು ಸೋತಿದ್ದದ್ದು ಕನ್ನಡದ ಪದಕ್ಕೆ, ಗಣಿತಕ್ಕಲ್ಲ. ದಯವಿಟ್ಟು ನಿಮ್ಮ ಮಕ್ಕಳು ಲೆಕ್ಕ ಬಿಟ್ಟು ಕೂತಾಗ ಮೊದಲು ಪ್ರಶ್ನೆಯನ್ನು ಮನೆಮಾತಿನಲ್ಲಿ ಹೇಳಿಸಿ ನೋಡಿ. ನಿಮಗೆ ಲೆಕ್ಕ ಬರಬೇಕೆಂದಿಲ್ಲ.

ಆ ಹುಡುಗಿಗೂ ನಾಲ್ಕು ದಿನ ಬಿಟ್ಟು ಹಾಗೆಯೇ ಮಾಡಿದೆ. ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದು ಮೇಜಿನ ಮೇಲೆ ಇಟ್ಟು, ಒಂದು ಮೊಳೆಯಿಂದ ಎರಡು ನೂಲು ಎಳೆದು ತಟ್ಟೆಯ ಎರಡು ಬದಿಗೆ ತಾಗಿಸಿದೆವು. ತಾಗುವ ಎರಡು ಜಾಗಕ್ಕೆ ಗುರುತು ಹಾಕಿ, ನೂಲು ಬಿಚ್ಚಿ ಅಳೆದಳು. ಸಮ. ಮೊಳೆಯನ್ನು ದೂರಕ್ಕೆ ಹೊಡೆದು ಮತ್ತೆ ಅಳೆದಳು. ಸಮ. "ಯಾವಾಗಲೂ ಸಮ ಬರ್ತದಾ?" ಎಂದು ಕೇಳಿದಳು. ಯಾವಾಗಲೂ ಎಂದು ಹೇಳಲಿಕ್ಕೆ ಅಳತೆ ಸಾಲದು, ಅದಕ್ಕೇ ಸಾಧನೆ ಬೇಕು ಎಂಬುದು ಅಲ್ಲಿಂದ ಶುರು. ಇಡೀ ಸಂಜೆ ಒಂದೇ ಪ್ರಮೇಯಕ್ಕೆ ಹೋಯಿತು. ಉಳಿದ ಹತ್ತು ಮಕ್ಕಳ ಪಟ್ಟಿ ಅಷ್ಟು ಹಿಂದುಳಿಯಿತು. ಇದು ನಿಜವಾದ ನಷ್ಟ, ನಾನು ಮುಚ್ಚಿಡುವುದಿಲ್ಲ. ಪರೀಕ್ಷೆಗೆ ಎಂಟು ವಾರ ಇರುವಾಗ ಎಲ್ಲವನ್ನೂ ತಟ್ಟೆ, ನೂಲು ಇಟ್ಟು ಕಲಿಸಲು ಯಾರಿಂದಲೂ ಆಗದು. ಆದ್ದರಿಂದ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಶಿಕ್ಷಕರನ್ನು ನಾನು ದೂರಲಾರೆ. ಒಂಬತ್ತು ವರ್ಷ ಕೂಡಿಟ್ಟ ಬಾಕಿಯನ್ನು ಎಂಟು ವಾರದಲ್ಲಿ ತೀರಿಸಿ ಎಂದು ನಾವು ಅವರ ಕೈಗೆ ಕೊಡುತ್ತೇವೆ.

ಮನೆಯವರಾದ ನಾವು ಬೇರೊಂದು ಭಾರವನ್ನೂ ಕೊಡುತ್ತೇವೆ. "ನಿನ್ನ ಅಣ್ಣನನ್ನು ನೋಡು" ಎಂಬ ಮಾತು. ಫ್ರಾನ್ಸಿನ ಸಿಮೋನ್ ವೇಯ್ ಎಂಬ ಚಿಂತಕಿಯ ಹೆಸರನ್ನು ಕೆಲವರು ಕೇಳಿರಬಹುದು. ಅವರ ಅಣ್ಣ ಆಂದ್ರೆ ವೇಯ್ ಇಪ್ಪತ್ತನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. 1930ರಿಂದ 1932ರವರೆಗೆ ನಮ್ಮ ಅಲಿಗಢದಲ್ಲಿ ಪ್ರಾಧ್ಯಾಪಕರಾಗಿದ್ದವರು. ಹದಿನಾಲ್ಕನೇ ವಯಸ್ಸಿನಲ್ಲಿ ತಂಗಿ ತನ್ನನ್ನು ಅಣ್ಣನೊಂದಿಗೆ ಹೋಲಿಸಿಕೊಂಡು ಸಾಯಬೇಕೆನಿಸುವಷ್ಟು ಹತಾಶಳಾದಳು. ಅದನ್ನು ಅವರೇ ಮುಂದೆ ಬರೆದಿದ್ದಾರೆ. ಅವರೇನೂ ದಡ್ಡರಲ್ಲ, ಫ್ರಾನ್ಸಿನ ಅತ್ಯುತ್ತಮ ಶಾಲೆಗಳಲ್ಲಿ ಓದಿದವರು. ಹಾಗಿದ್ದೂ ಹಾಗಾಯಿತು. ನಿಮ್ಮ ಮನೆಯ ಮಗು ಬಾಯಿಬಿಟ್ಟು ಹೇಳದಿರಬಹುದು.

ಅದೇ ಸಿಮೋನ್ 1942ರಲ್ಲಿ ಪೆರ‍್ರೆಂ ಎಂಬ ದೊಮಿನಿಕನ್ ಗುರುಗಳಿಗಾಗಿ ಶಾಲಾ ಓದಿನ ಬಗ್ಗೆ ಒಂದು ಲೇಖನ ಬರೆದುಕೊಟ್ಟರು. ಅದರ ಸಾರ ಇಷ್ಟು: ಒಂದು ರೇಖಾಗಣಿತದ ಲೆಕ್ಕದ ಮುಂದೆ ಮಗು ಒಂದು ಗಂಟೆ ನಿಜವಾಗಿ ಗಮನವಿಟ್ಟು ಕೂತು, ಉತ್ತರ ಬಾರದೇ ಹೋದರೂ ಆ ಗಂಟೆ ವ್ಯರ್ಥವಲ್ಲ, ಆ ಗಮನವೇ ಮುಂದೆ ಪ್ರಾರ್ಥನೆಯಲ್ಲಿ, ನೊಂದವರ ಮಾತು ಕೇಳುವುದರಲ್ಲಿ ಫಲ ಕೊಡುತ್ತದೆ. ತಪ್ಪಾದ ಲೆಕ್ಕವನ್ನು ಬದಿಗೆ ಸರಿಸದೆ ತಪ್ಪು ಎಲ್ಲಿ ಆಯಿತೆಂದು ಕಣ್ಣಿಟ್ಟು ನೋಡಬೇಕು ಎಂದೂ ಹೇಳುತ್ತಾರೆ. ನಮ್ಮಲ್ಲಿ ತಪ್ಪಿನ ಮೇಲೆ ಕೆಂಪು ಗೆರೆ ಬೀಳುತ್ತದೆ, ಕಾಗದ ಬ್ಯಾಗಿನ ತಳಕ್ಕೆ ಹೋಗುತ್ತದೆ. ಸಿಮೋನ್ ಬಹಿರಂಗವಾಗಿ ಧರ್ಮಸಭೆಗೆ ಸೇರಿದವರಲ್ಲ. ಆದರೂ ವಿದ್ಯಾರ್ಥಿಗಳ ಪ್ರಾರ್ಥನೆಯ ಬಗ್ಗೆ ಅವರಷ್ಟು ಉಪಯುಕ್ತವಾಗಿ ಬರೆದ ಗುರುಗಳನ್ನು ನಾನು ಓದಿಲ್ಲ!

ಪ್ರಾರ್ಥನೆ ಎಂದಾಗ ನೆನಪಾಯಿತು. ಮಾರ್ಚ್ ತಿಂಗಳಲ್ಲಿ ಹಾಲ್ ಟಿಕೆಟು, ಪೆನ್ನು, ಜಾಮಿಟ್ರಿ ಬಾಕ್ಸು ಆಶೀರ್ವದಿಸಲು ತರುತ್ತೀರಿ. ಸಂತೋಷದಿಂದ ಆಶೀರ್ವದಿಸುತ್ತೇನೆ. ಪರೀಕ್ಷೆ ಬರೆಯುವವರ ಪಾಲಕ ಸಂತ ಕುಪರ್ತೀನೊದ ಜೋಸೆಫ್. 1603ರಲ್ಲಿ ಇಟಲಿಯಲ್ಲಿ ಹುಟ್ಟಿದ ಇವರಿಗೆ ಓದು ತಲೆಗೆ ಹತ್ತುತ್ತಲೇ ಇರಲಿಲ್ಲವಂತೆ. ಶುಭಸಂದೇಶದ ಒಂದೇ ಒಂದು ಭಾಗವನ್ನು ಚೆನ್ನಾಗಿ ಕಲಿತಿದ್ದರು. ಪರೀಕ್ಷೆ ಮಾಡಿದ ಬಿಷಪರು ಪುಸ್ತಕ ತೆರೆದಾಗ ಅದೇ ಭಾಗ ಬಂತಂತೆ. 1628ರಲ್ಲಿ ಗುರುಗಳಾದರು. ಪಾಸಿಂಗ್ ಪ್ಯಾಕೇಜಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಆ ನಿವೃತ್ತ ಶಿಕ್ಷಕರು ನಕ್ಕರು. ನಾನೂ ನಕ್ಕೆ. ಆದರೆ ಆ ಒಂದು ಭಾಗವನ್ನು ಅವರು ಬರೀ ಬಾಯಿಗೆ ಕಲಿತಿರಲಿಲ್ಲ. ಅದನ್ನು ವಿವರಿಸಲು ಅವರಿಗೆ ಬರುತ್ತಿತ್ತು ಎಂದೇ ಕಥೆ ಹೇಳುತ್ತದೆ.

2025ರ ಮೇ 2ರಂದು ಫಲಿತಾಂಶ ಬಂತು. ಹುಡುಗಿ ಪಾಸಾದಳು. ಹನ್ನೊಂದು ಮಕ್ಕಳಲ್ಲಿ ಗಣಿತದಲ್ಲಿ ಉಳಿದವನು ಒಬ್ಬನೇ. ಅವನ ತಂದೆ ಕೆಂಪುಕಲ್ಲಿನ ಕೆಲಸದ ಮೇಸ್ತ್ರಿ. ತಾಯಿ ಬೀಡಿ ಕಟ್ಟುವವರು. ಬಂದು ಅತ್ತರು. ಮಗ ಬಂದಿರಲಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಪ್ರಿಯ ಹೆತ್ತವರೇ, ಈ ದಿನಗಳಲ್ಲಿ ಹಾಕಿದ ಬಾಗಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಅವರೊಂದಿಗೇ ಮನೆಗೆ ಹೋದೆ.

ಪರೀಕ್ಷೆ-2 ಮೇ 26ರಿಂದ. 24 ದಿನ ಇತ್ತು. ಹಿಂದಿನ ಕಾಲದ ಹಾಗೆ ಒಂದು ವರ್ಷ ಕಾಯಬೇಕಾಗಿರಲಿಲ್ಲ, 2025ರಲ್ಲಿ ಒಂದೇ ವರ್ಷದಲ್ಲಿ ಮೂರು ಅವಕಾಶ ಇತ್ತು. ಇದು ಒಳ್ಳೆಯ ಬದಲಾವಣೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರಕಾರ ಪಾಸಿನ ಗೆರೆಯನ್ನೇ ಇಳಿಸಿತು: ಒಟ್ಟು 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30. ಇದರ ಬಗ್ಗೆ ನನ್ನ ಮನಸ್ಸು ಅಷ್ಟು ಸಲೀಸಾಗಿ ಹೌದೆನ್ನುವುದಿಲ್ಲ. ಒಂದು ವಿಷಯದ ಎರಡು ಅಂಕಕ್ಕೆ ಮಗುವಿನ ಎಲ್ಲಾ ದಾರಿ ಮುಚ್ಚಬಾರದು, ನಿಜ. ಗೆರೆ ಇಳಿದ ಮೇಲೆ ಕಲಿಸುವ ಕೆಲಸವೂ ಇಳಿದರೆ ಅದನ್ನು ಕರುಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹುಡುಗನೊಂದಿಗೆ ಈ ಸಲ ಪಟ್ಟಿ ಅರ್ಧ ಮಾಡಿಕೊಂಡೆವು. ಬಾಯಿಪಾಠ ಬಿಡಲಿಲ್ಲ. ಆದರೆ ದಿನಕ್ಕೆ ಒಂದು ಲೆಕ್ಕವನ್ನಾದರೂ 'ಯಾಕೆ' ಎಂದು ಕೇಳದೆ ಬಿಡಬಾರದೆಂದು ಒಪ್ಪಂದ. ಒಂದು ದಿನ ಅವನ ತಂದೆ ಕೆಲಸ ಮಾಡುತ್ತಿದ್ದ ಜಾಗಕ್ಕೆ ಹೋದೆವು. ಹೊಸ ಮನೆಯ ಪಂಚಾಂಗಕ್ಕೆ ಗುರುತು ಹಾಕುತ್ತಿದ್ದರು. ಮೂಲೆಯಿಂದ ಒಂದು ನೂಲಿನಲ್ಲಿ ಮೂರಡಿಗೆ, ಇನ್ನೊಂದರಲ್ಲಿ ನಾಲ್ಕಡಿಗೆ ಗುರುತು ಮಾಡಿ, ಎರಡು ಗುರುತಿನ ನಡುವೆ ಟೇಪು ಹಿಡಿದರು. ಐದಡಿ ಸರಿಯಾಗಿ ಬರುವವರೆಗೆ ನೂಲು ಸರಿಸಿದರು. "ಐದು ಬಂದರೆ ಮೂಲೆ ಮಟ್ಟ ಫಾದರ್, ಇಲ್ಲದಿದ್ದರೆ ಗೋಡೆ ಓರೆ ಹೋಗ್ತದೆ" ಎಂದರು. ಹುಡುಗ ತಂದೆಯನ್ನೇ ನೋಡುತ್ತಾ ನಿಂತ. "ಇದು ಪೈಥಾಗೊರಸ್ ಅಪ್ಪ" ಎಂದ. "ಯಾರೋ ನನಗೆ ಗೊತ್ತಿಲ್ಲ, ಇದು ನನಗೆ ದೊಡ್ಡ ಮೇಸ್ತ್ರಿ ಹೇಳಿಕೊಟ್ಟದ್ದು" ಎಂದರು ತಂದೆ. ಯಾಕೆ ಐದೇ ಬರಬೇಕು ಎಂದು ಮಗ ಕೇಳಿದಾಗ ತಂದೆಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಗೋಡೆ ಮಾತ್ರ ಓರೆ ಹೋಗಿಲ್ಲ. ನೋಡಿ, ಕಾರಣ ತಿಳಿಯದ ಸರಿಯುತ್ತರವೂ ಮನೆ ಕಟ್ಟುತ್ತದೆ. ಪ್ಲೇಟೋ ಕೂಡ ಅದನ್ನು ಒಪ್ಪುತ್ತಾನೆ. ಆ ಸಂಜೆ ಹುಡುಗ ಮೂರು, ನಾಲ್ಕು, ಐದರ ಮೇಲೆ ಚೌಕಗಳನ್ನು ಬರೆದು, ಒಂಬತ್ತಕ್ಕೆ ಹದಿನಾರು ಕೂಡಿಸಿ ಇಪ್ಪತ್ತೈದು ಎಂದು ಕಾಗದದಲ್ಲಿ ತಂದೆಗೆ ತೋರಿಸಿದನಂತೆ. ತಾಯಿ ಬೀಡಿ ಎಣಿಸುವುದನ್ನು ನಿಲ್ಲಿಸಿ ನೋಡಿದರಂತೆ.

ಪರೀಕ್ಷೆ-2ರ ಗಣಿತದ ದಿನ ಜೋರು ಮಳೆ. ಮಧ್ಯಾಹ್ನ ನೆನೆದುಕೊಂಡೇ ಚರ್ಚಿನ ಜಗಲಿಗೆ ಬಂದ. ಹೇಗಾಯಿತೆಂದು ಕೇಳಿದೆ. ಪಾಸಾಗಬಹುದು, ಗೊತ್ತಿಲ್ಲ ಎಂದ. ಪ್ರಶ್ನೆಪತ್ರಿಕೆ ಒದ್ದೆಯಾಗಿ ಮುದ್ದೆಯಾಗಿತ್ತು. ಅದನ್ನು ಜಗಲಿಯ ಮೇಲೆ ಹರಡಿ ನಾಲ್ಕು ಅಂಕದ ಒಂದು ಲೆಕ್ಕದ ಮೇಲೆ ಬೆರಳಿಟ್ಟು ಹೇಳಿದ:

"ಇದು ತಪ್ಪಾಯ್ತು ಫಾದರ್. ಎಲ್ಲಿ ತಪ್ಪಾಯ್ತು ಅಂತ ಹೊರಗೆ ಬರುವಾಗ ಗೊತ್ತಾಯ್ತು. ಪೆನ್ನು ಕೊಡಿ, ತೋರಿಸ್ತೇನೆ."